ಆದಿನಾರಾಯಣನ ಬಾಯೊಳಗಿನ ಊರು

ಕದಿರೇನಹಳ್ಳಿಯ ಆದಿನಾರಾಯಣನಿಗೆ ಇದ್ದದ್ದು ಎರಡು ಸೀಮೆಹಸು, ಒಂದು ತುಂಡು ಹೊಲ, ಮತ್ತು ಒಂದು ಬಾಯಿ. ಮೊದಲೆರಡರಿಂದ ಸಂಸಾರ ನಡೆಯುತ್ತಿತ್ತು, ಮೂರನೆಯದರಿಂದ ಹೆಸರು ನಡೆಯುತ್ತಿತ್ತು. ಬಂಗಾರಪೇಟೆಯ ಸುತ್ತ ಎಲ್ಲೇ ಗಂಡು ಹೆಣ್ಣಿನ ಮಾತುಕತೆಯಾಗಲಿ, ಅಣ್ಣತಮ್ಮಂದಿರ ಪಾಲಾಗಲಿ, ಮುನಿಸಿಕೊಂಡು ತವರು ಸೇರಿದ ಸೊಸೆಯನ್ನು ಕರೆತರುವುದಾಗಲಿ, ಆದಿನಾರಾಯಣ ಹೋಗಿ ಚಾಪೆಯ ಮೇಲೆ ಕೂತು ಬಾಯಿ ತೆರೆದರೆ ಸಾಕು, ಎದುರಿನವರು ಒಪ್ಪಿಕೊಂಡುಬಿಡುತ್ತಿದ್ದರು. ಮಾತು ಅಷ್ಟು ಚೆನ್ನಾಗಿರುತ್ತಿತ್ತು ಎಂದೇನಲ್ಲ. ಒಪ್ಪುವ ತನಕ ಅದು ನಿಲ್ಲುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಇಂಥ ಬಾಯಿಯ ಯಜಮಾನನಿಗೆ ಅದರ ಬಗ್ಗೆ ಸ್ವಲ್ಪ ಜಂಬ ಇದ್ದರೆ ತಪ್ಪೇನಲ್ಲ. ಐವತ್ತು ದಾಟಿ ಎಷ್ಟೋ ವರ್ಷವಾಗಿದ್ದರೂ ಅವನ ಒಂದು ಹಲ್ಲೂ ಅಲುಗಿರಲಿಲ್ಲ. ಎಳೆ ಜೋಳದ ತೆನೆಯ ಹಾಗೆ ಸಾಲಾಗಿ, ಬೆಳ್ಳಗೆ ಕೂತಿದ್ದವು. "ಈ ಊರ್ನಾಗೆ ಎಲ್ಲಾರ ಬಾಯ್ನಾಗೂ ಒಂದೊಂದು ತೂತು ಐತೆ. ನನ್ನ ಬಾಯ್ನಾಗೆ ಬೇಕಾದ್ರೆ ದೇವ್ರ ದೀಪ ಹಚ್ಚಿಡಬೋದು" ಎಂದು ಅವನು ಹೇಳುತ್ತಿದ್ದ. ಯಾರೂ ಹಚ್ಚಿಡಲು ಹೋಗಿರಲಿಲ್ಲ, ಅಷ್ಟೆ.

ಹೀಗಿರುವಾಗ ಬಂಗಾರಪೇಟೆಯ ಹೈಸ್ಕೂಲಿನಲ್ಲಿ ಹಲ್ಲಿನ ಉಚಿತ ತಪಾಸಣೆ ಶಿಬಿರ ಬಂತು. ಊರಿನವರು ಕೆನ್ನೆ ಊದಿಸಿಕೊಂಡು, ದವಡೆಗೆ ಟವೆಲ್ ಕಟ್ಟಿಕೊಂಡು ಹೋದರು. ಪಕ್ಕದ ಮನೆಯ ಚಿಕ್ಕವೆಂಕಟಪ್ಪ ದವಡೆ ಹಲ್ಲಿನ ನೋವಿಗೆ ರಾತ್ರಿಯೆಲ್ಲ ನಿದ್ದೆಗೆಟ್ಟು ಹೋದ. ಆದಿನಾರಾಯಣ ಮಾತ್ರ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು, ಬಹುಮಾನ ತೆಗೆದುಕೊಳ್ಳಲು ಹೋಗುವವನ ಹಾಗೆ ಹೋದ.

ಶಿಬಿರದಲ್ಲಿದ್ದವಳು ಚಿನ್ನದ ಗಣಿಯ ಊರಿಗಾಂ ಕಡೆಯ ಹಲ್ಲಿನ ಆಸ್ಪತ್ರೆಯ ಡಾಕ್ಟರ್ ನವ್ಯ. ಚಿಕ್ಕ ವಯಸ್ಸಿನ ಹುಡುಗಿ. ಬೆಳಿಗ್ಗೆಯಿಂದ ಹುಳುಕು ನೋಡಿ ನೋಡಿ ಸೋತಿದ್ದ ಅವಳು ಆದಿನಾರಾಯಣನ ಬಾಯೊಳಗೆ ಟಾರ್ಚ್ ಬಿಟ್ಟವಳೇ ಮುಖ ಅರಳಿಸಿದಳು.

"ಯಜಮಾನ್ರೇ, ನಿಮ್ಮ ಬಾಯಿ ತುಂಬ ಆರೋಗ್ಯವಾಗಿದೆ."

"ಸ್ವಲ್ಪ ಜೋರಾಗಿ ಯೋಳಿ ಮೇಡಮ್ಮೋರೆ. ಬಾಗಲ ತಾವ ನಿಂತಿರೋರ್ಗೆ ಕೇಳಿಸ್ಲಿಲ್ಲ."

ನವ್ಯ ನಕ್ಕಳು. ಆರೋಗ್ಯವಂತ ಬಾಯಿ ಒಳಗೆ ಹೇಗಿರುತ್ತದೆ ಎಂದು ಜನರಿಗೆ ತೋರಿಸಲೆಂದೇ ಅವರು ಸೂಕ್ಷ್ಮದರ್ಶಕ ತಂದು ಟೀವಿಗೆ ಜೋಡಿಸಿಟ್ಟಿದ್ದರು. "ನಿಮ್ಮದನ್ನೇ ತೋರಿಸೋಣವಾ?" ಎಂದಳು. ಕೇಳಬೇಕೇ? ಆದಿನಾರಾಯಣ ತಾನೇ ಹೊರಗೆ ಹೋಗಿ, ಊರಿನವರನ್ನೆಲ್ಲ ಕೂಗಿ ಕರೆದು, ಗಿಡ್ಡ ಇದ್ದವರನ್ನು ಮುಂದೆ ನಿಲ್ಲಿಸಿ, ಬಂದು ಕೂತು ಬಾಯಿ ತೆರೆದ.

ಡಾಕ್ಟರು ಹಲ್ಲಿನ ಬುಡದಿಂದ, ನಾಲಗೆಯಿಂದ ಕಣ್ಣಿಗೆ ಕಾಣದಷ್ಟು ಏನನ್ನೋ ಕಡ್ಡಿಯಲ್ಲಿ ತೆಗೆದು, ಗಾಜಿನ ತುಂಡಿಗೆ ಸವರಿ, ಯಂತ್ರದ ಕೆಳಗಿಟ್ಟಳು. ಟೀವಿ ಬೆಳಗಿತು.

ಒಂದು ಕ್ಷಣ ಯಾರಿಗೂ ಏನೂ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಪರದೆಯ ತುಂಬ ಜೀವ! ಸಾಸಿವೆಯಂಥವು ಮಣಿಸರದ ಹಾಗೆ ಒಂದಕ್ಕೊಂದು ಅಂಟಿಕೊಂಡು ನಡುಗುತ್ತಿದ್ದವು. ಜೀರಿಗೆಯಂಥವು ಸುಮ್ಮನೆ ಮಗ್ಗುಲು ಬದಲಾಯಿಸುತ್ತಿದ್ದವು. ಉದ್ದನೆಯ ನೂಲಿನಂಥವು ಅಲ್ಲಲ್ಲಿ ಮಲಗಿದ್ದವು. ಅವುಗಳ ನಡುವೆ ಎಲ್ಲಿಗೋ ತಡವಾದವರ ಹಾಗೆ ಒಂದೊಂದು ಸರ್ರನೆ ಈಜಿ ಆಚೆ ಹೋಗುತ್ತಿತ್ತು.

"ಇವೆಲ್ಲ ಬ್ಯಾಕ್ಟೀರಿಯಾ" ಎಂದಳು ನವ್ಯ. "ಇವರ ಬಾಯಲ್ಲಿ ಇಂಥವು ನಮ್ಮ ದೇಶದ ಜನಕ್ಕಿಂತ ಹೆಚ್ಚಿವೆ. ಆದರೆ..."

ಕರೆಂಟ್ ಹೋಯಿತು.

ಆ 'ಆದರೆ'ಯ ಮುಂದೆ ಏನಿತ್ತು ಎಂಬುದು ಆ ದಿನ ಯಾರಿಗೂ ಕೇಳಿಸಲಿಲ್ಲ. ಕತ್ತಲಾದ ಕೋಣೆಯಲ್ಲಿ ಜನ ಆದಿನಾರಾಯಣನಿಂದ ದೂರ ಸರಿಯುವ ಗದ್ದಲವೇ ದೊಡ್ಡದಾಯಿತು. "ಯಜಮಾನ್ರೇ, ನಿಲ್ಲಿ, ಹೇಳ್ತೀನಿ" ಎಂದು ನವ್ಯ ಕೂಗಿದ್ದು ನಿಜ. ಆದರೆ ತನ್ನನ್ನು ಹಿಡಿದು ಆಸ್ಪತ್ರೆಗೆ ಹಾಕುತ್ತಾರೆಂದೇ ತಿಳಿದ ಆದಿನಾರಾಯಣ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಗೇಟು ದಾಟಿಯಾಗಿತ್ತು.

ಅವನಿಗಿಂತ ಮೊದಲು ಊರು ಮುಟ್ಟಿದವನು ಚಿಕ್ಕವೆಂಕಟಪ್ಪ. ಹಲ್ಲುನೋವು ಎಲ್ಲಿ ಹೋಯಿತೋ, ಆ ಹೊತ್ತಿಗೆ ಅವನ ಬಾಯಿ ಲೀಲಾಜಾಲವಾಗಿ ಓಡುತ್ತಿತ್ತು. ಬಸ್ ಸ್ಟಾಪಿನಲ್ಲಿ ಅವನು ಹೇಳಿದ್ದು "ಆದಿ ಬಾಯ್ನಾಗೆ ಉಳ ಅವೆ" ಎಂದು. ಟೀ ಅಂಗಡಿಯ ಹೊತ್ತಿಗೆ ಹುಳುಗಳಿಗೆ ಬಾಲ ಬಂದಿತ್ತು. ಅರಳೀಕಟ್ಟೆ ತಲುಪುವಾಗ "ಟೀವಿಯಾಗೆ ತೋರಿಸಿದ್ರು ಕಣ್ರಲಾ" ಎಂದಾಗಿತ್ತು. ಹೆಂಗಸರು ಸಂಜೆಯೆಲ್ಲ ವಾರ್ತಾ ಚಾನೆಲ್‌ಗಳನ್ನು ಒಂದೊಂದಾಗಿ ತಿರುಗಿಸಿ, ಕದಿರೇನಹಳ್ಳಿ ಎಲ್ಲೂ ಬರಲಿಲ್ಲವೆಂದು ಬೇಸರಪಟ್ಟುಕೊಂಡರು.

ಮನೆಯಲ್ಲಿ ಆದಿನಾರಾಯಣನ ತಾಯಿ ಓಬಳಮ್ಮ ಎಲೆ ಅಡಿಕೆ ಕುಟ್ಟುತ್ತಿದ್ದವಳು ಸುದ್ದಿ ತಂದ ಚಿಕ್ಕವೆಂಕಟಪ್ಪನನ್ನು ಕುಟ್ಟಾಣಿ ಎತ್ತಿಕೊಂಡೇ ಹೊರಗಟ್ಟಿದಳು. "ನನ್ನ ಮಗನ ಬಾಯ್ನಾಗೆ ಉಳಾನಾ? ಉಳ ಬೀಳಾಕೆ ಅದೇನು ಬದ್ನೇಕಾಯೇನ್ಲಾ?"

ಆದರೆ ಮಗ ಸ್ವತಃ ಕಣ್ಣಾರೆ ನೋಡಿದ್ದ. ಅವನಿಗೆ ಅನ್ನ ಇಳಿಯಲಿಲ್ಲ. ಬಚ್ಚಲಿಗೆ ಹೋಗಿ ಉಪ್ಪಿನಲ್ಲಿ ಉಜ್ಜಿದ. ಇದ್ದಿಲಿನಲ್ಲಿ ಉಜ್ಜಿದ. ಬೇವಿನಕಡ್ಡಿಯಲ್ಲಿ ಒಸಡು ಕಿತ್ತುಬರುವ ಹಾಗೆ ಉಜ್ಜಿದ. ಮರುದಿನ ಬೆಳಿಗ್ಗೆ ಹಾಲು ಡೈರಿಗೆ ಹಾಕಿದವನೇ ಬಂಗಾರಪೇಟೆಯ ಮೆಡಿಕಲ್ ಸ್ಟೋರಿಗೆ ಹೋಗಿ, ಬಾಯಿ ಮುಕ್ಕಳಿಸುವ ನೀಲಿ ಔಷಧದ ಬಾಟಲಿ ಕೈಗೆತ್ತಿಕೊಂಡ. ಅದರ ಮೇಲೆ 'ನೂರಕ್ಕೆ ತೊಂಬತ್ತೊಂಬತ್ತು ಭಾಗ ಕ್ರಿಮಿನಾಶ' ಎಂದು ಬರೆದಿತ್ತು.

"ಉಳಿದ ಒಂದು ಭಾಗ?" ಎಂದು ಕೇಳಿದ, ಬಾಯಿಗೆ ಟವೆಲ್ ಅಡ್ಡ ಹಿಡಿದು.

ಅಂಗಡಿಯವನಿಗೆ ಈ ಪ್ರಶ್ನೆಯನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಅವನು ಬಾಟಲಿಯನ್ನು ತಿರುಗಿಸಿ ನೋಡಿದ, ಬುಡ ನೋಡಿದ, ಯೋಚಿಸಿದ. "ಅದಕ್ಕೆ ಇನ್ನೊಂದು ಬಾಟ್ಲಿ ತಗೊಳಿ" ಎಂದ.

ಅಂದಿನಿಂದ ಆದಿನಾರಾಯಣನ ಮನೆಯ ಹಿತ್ತಿಲಿನಿಂದ 'ಗಳಗಳಗಳ' ಎಂಬ ಸದ್ದು ಹೊತ್ತಿಲ್ಲ ಗೊತ್ತಿಲ್ಲದೆ ಕೇಳಿಬರತೊಡಗಿತು. ಹುಣಸೆಮರದ ಕಾಗೆಗಳು ಬೇರೆ ಮರ ನೋಡಿಕೊಂಡವು. ಹಾಲಿನ ವ್ಯಾನಿನವನು "ಇವ್ರ ಬೋರ್‌ವೆಲ್‌ನಾಗೆ ನೀರು ನಿಂತು ಗಾಳಿ ಬತ್ತಾ ಐತೆ ಅನ್ಸುತ್ತೆ" ಎಂದು ಮರುಗಿದ.

ಇಷ್ಟರಲ್ಲೇ ನಿಂತಿದ್ದರೆ ಒಂದು ಮಾತು. ಆದಿನಾರಾಯಣ ಯೋಚನೆಯಲ್ಲೂ ಮಾತಿನಷ್ಟೇ ಧಾರಾಳಿ. ಬಾಯಿ ತೆರೆದರೆ ಉಗುಳು ಹಾರುತ್ತದೆ, ಉಗುಳಿನ ಜೊತೆ ಅವೂ ಹಾರುತ್ತವೆ, ಹಾರಿದವು ಹೆಂಡತಿ ಮಕ್ಕಳ ಮೇಲೆ ಬೀಳುತ್ತವೆ ಎಂದು ಲೆಕ್ಕ ಹಾಕಿ, ಮಾತಾಡುವುದನ್ನೇ ನಿಲ್ಲಿಸಿಬಿಟ್ಟ. ಟವೆಲನ್ನು ಮೂಗಿನ ಕೆಳಗಿಂದ ಬಿಗಿದು ಹಿಂದೆ ಗಂಟು ಹಾಕಿಕೊಂಡ.

ಕದಿರೇನಹಳ್ಳಿಯಲ್ಲಿ ಆದಿನಾರಾಯಣನ ಮಾತು ನಿಂತಿದ್ದು ಊರ ಮಧ್ಯದ ಗಿರಣಿ ನಿಂತ ಹಾಗಾಯಿತು. ಸದ್ದು ಇದ್ದಾಗ ಯಾರೂ ಗಮನಿಸಿರಲಿಲ್ಲ, ಇಲ್ಲವಾದಾಗ ಎಲ್ಲರೂ ಮನೆಯಿಂದ ಹೊರಗೆ ಬಂದು ನೋಡಿದರು. ಮೊದಲು ಪೆಟ್ಟು ಬಿದ್ದದ್ದು ಕೊಟ್ಟಿಗೆಯಲ್ಲಿ. ಹಾಲು ಕರೆಯುವಾಗ ಅವನು ಊರ ಸಮಾಚಾರವನ್ನೆಲ್ಲ ಹಸುವಿಗೆ ಹೇಳುತ್ತಿದ್ದ. ಈಗ ಸುಮ್ಮನೆ ಕೂತು ಕೆಚ್ಚಲಿಗೆ ಕೈ ಹಾಕಿದರೆ ಹಸು ತಿರುಗಿ ನೋಡಿತು, ಯಾರೋ ಬೇರೆಯವರೆಂದು ತಿಳಿದು ಹಾಲನ್ನೇ ಬಿಡಲಿಲ್ಲ. ಪಕ್ಕದೂರಿನ ಇಬ್ಬರು ಹೆಂಗಸರು, ಆದಿನಾರಾಯಣಪ್ಪ ಮೌನವ್ರತ ಹಿಡಿದಿದ್ದಾರೆಂದು ಕೇಳಿ, ಹಣ್ಣು ಕಾಯಿ ತಂದು ಮುಂದಿಟ್ಟು ಕೈಮುಗಿದರು. ಅವನು ಗಾಬರಿಯಿಂದ ಹಿತ್ತಿಲಿಗೆ ಓಡಿ ಬಾಯಿ ಮುಕ್ಕಳಿಸಿದ. ಆ ಗಳಗಳವನ್ನೇ ಮಂತ್ರವೆಂದು ತಿಳಿದು, ಅವರು ಹೊಸಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋದರು.

ಕೆಲವೇ ದಿನಗಳಲ್ಲಿ ಅವನ ನಾಲಗೆ ಉರಿಯತೊಡಗಿತು. ಕನ್ನಡಿಯಲ್ಲಿ ನೋಡಿಕೊಂಡರೆ ಅದರ ಮೇಲೆ ಮೊಸರಿನ ಕೆನೆಯಂಥ ಬಿಳಿ ಪದರ. ಸೊಪ್ಪಿನ ಬಸ್ಸಾರಿನ ರುಚಿ ಬಿಸಿನೀರಿನ ರುಚಿಯಾಯಿತು. ಹೆಂಡತಿ ಅರುಣಕುಮಾರಿ ಉಪ್ಪು ಹಾಕಿದಳು, ಖಾರ ಹಾಕಿದಳು, ಕೊನೆಗೆ ಸೌಟನ್ನೇ ನೆಲಕ್ಕೆ ಹಾಕಿದಳು. "ಏನ್ರೀ, ಬಾಯಿ ಬಿಟ್ಟು ಏನಾಯ್ತು ಅಂತಾನಾದ್ರೂ ಯೋಳಿ! ನಾಳೆ ಊರಿಗಾಂನೋರು ಬತ್ತಾರೆ. ಇಂಗೇ ಕೂತ್ಕೊಂಡ್ರೆ ಮಗಳ ಗತಿ?"

ಅದೇ ದೊಡ್ಡ ವಿಷಯ. ಮಗಳು ಲಿಖಿತ ಬಂಗಾರಪೇಟೆಯ ಶಾಲೆಯೊಂದರಲ್ಲಿ ಟೀಚರ್. ಊರಿಗಾಂನ ಅಶ್ವತ್ಥಪ್ಪನ ಮಗ ಗಿರಿ ಅವಳನ್ನು ನೋಡಿ ಒಪ್ಪಿದ್ದ, ಅವಳೂ ಒಪ್ಪಿದ್ದಳು. ಉಳಿದದ್ದು ಹಿರಿಯರ ಮಾತುಕತೆ, ಆಮೇಲೆ ಎಲೆ ಅಡಿಕೆ ಬದಲಾಯಿಸಿ ಒಪ್ಪೀಳ್ಯ. ಲೋಕದ ಮದುವೆಗಳನ್ನೆಲ್ಲ ಮಾತಾಡಿ ಮುಗಿಸಿದ ಅಪ್ಪ ತನ್ನದನ್ನು ಎಷ್ಟು ಚೆನ್ನಾಗಿ ಮಾತಾಡಿಯಾನು ಎಂದು ಲಿಖಿತ ಗೆಳತಿಯರಿಗೆಲ್ಲ ಹೇಳಿಕೊಂಡಿದ್ದಳು.

ಅಶ್ವತ್ಥಪ್ಪ ಎಳೆ ವಯಸ್ಸಿನಲ್ಲಿ ಚಿನ್ನದ ಗಣಿಯಲ್ಲಿ ಕೆಳಗಿಳಿದು ದುಡಿದವನು. ಗಣಿ ಮುಚ್ಚಿದ ಮೇಲೆ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ. ಭೂಮಿಯ ಹೊಟ್ಟೆಯೊಳಗೆ ಹೆದರದವನು ಆದಿನಾರಾಯಣನ ಬಾಯಿಗೆ ಹೆದರಿದ್ದ. "ಆ ಮನುಷ್ಯ ಮಾತಾಡಾಕೆ ಶುರು ಮಾಡಿದ್ರೆ ನಾವು ಉಟ್ಟ ಬಟ್ಟೇಲಿ ವಾಪಸ್ ಬರ್ತೀವಿ" ಎಂದು, ಬಾಯಿ ಜೋರಿದ್ದ ಅಕ್ಕ ಮುನಿನಾರಾಯಣಮ್ಮನನ್ನು ಜೊತೆಗೆ ಕರೆತಂದಿದ್ದ. ಜೇಬಿನಲ್ಲಿ ಗಂಟಲಿನ ಗುಳಿಗೆಗಳೂ ಇದ್ದವು.

ಚಾಪೆ ಹಾಸಿದರು. ಆದಿನಾರಾಯಣ ಟವೆಲ್ ಬಿಗಿದುಕೊಂಡೇ ಬಂದು ಎದುರಿಗೆ ಕೂತು ಕೈಮುಗಿದ. ಆಮೇಲೆ ಸುಮ್ಮನಾದ.

ಅಶ್ವತ್ಥಪ್ಪ ಕಾದ. ಗುಳಿಗೆ ಬಾಯಿಗೆ ಹಾಕಿಕೊಂಡ. ಮತ್ತೆ ಕಾದ. ಕೊನೆಗೆ ತಾನೇ ಶುರು ಮಾಡಿದ. "ಮದ್ವೆ ನಮ್ಮ ಊರಿಗಾಂನಾಗೇ ಆಗ್ಲಿ ಅಂತ ನಮ್ಮೋರ ಆಸೆ."

ಆದಿನಾರಾಯಣ ಅವನನ್ನೇ ನೋಡಿದ.

"ಅಂದ್ರೆ... ನಿಮ್ಗೆ ಕಷ್ಟ ಆಗೋದಾದ್ರೆ ಬಂಗಾರಪೇಟೇಲೇ ಮಾಡನ."

ಆದಿನಾರಾಯಣ ಛಾವಣಿ ನೋಡಿದ. ನಾಲಗೆ ಉರಿಯುತ್ತಿತ್ತು.

"ಉಡುಗಿ ಕೆಲ್ಸ ಬಿಡ್ಬೇಕು ಅಂತ ನಾನೇನೂ ಅಂದಿಲ್ಲ ನೋಡಿ. ಓಗ್ಲಿ, ಪಾಠ ಮಾಡ್ಲಿ."

ಮೌನ.

"ಊಟದ ಜವಾಬ್ದಾರಿ ನಂದೇ ಇರ್ಲಿ!" ಎಂದು ಅಶ್ವತ್ಥಪ್ಪ ಬೆವರು ಒರೆಸಿಕೊಂಡ. "ಹೋಳಿಗೆ ಸೇರಿಸಿ!"

ಮುನಿನಾರಾಯಣಮ್ಮ ತಮ್ಮನ ತೊಡೆ ಚಿವುಟಿದಳು. "ಏಮ್ರಾ, ಎಲ್ಲಾ ಬಿಟ್ಟುಕೊಟ್ಟೆಯಲ್ಲೋ?"

"ನಾನೇನು ಮಾಡ್ಲಕ್ಕಾ? ಆ ಮನುಷ್ಯ ಮಾತೇ ಆಡ್ತಿಲ್ಲ!"

ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ಅರುಣಕುಮಾರಿಗೆ ಗಂಡನ ಮೇಲೆ ಮದುವೆಯಾದಂದಿನಿಂದ ಇರದಿದ್ದ ಗೌರವ ಆ ಅರ್ಧ ಗಂಟೆಯಲ್ಲಿ ಹುಟ್ಟಿತು. ಆದಿನಾರಾಯಣ ಜೀವಮಾನದಲ್ಲಿ ಇಷ್ಟು ಚೆನ್ನಾಗಿ ಮಾತುಕತೆ ನಡೆಸಿರಲಿಲ್ಲ.

ಕೆಟ್ಟದ್ದು ಆಮೇಲೆ. ಎಲೆ ಅಡಿಕೆ ತಟ್ಟೆ ಬಂತು. ಅಶ್ವತ್ಥಪ್ಪನ ಮನೆಯಲ್ಲಿ ಒಂದು ಪದ್ಧತಿ. ಬೀಗರಿಬ್ಬರೂ ಒಂದೇ ಲಾಡನ್ನು ಕಚ್ಚಿ ತಿನ್ನಬೇಕು. ಎಲ್ಲ ಬಿಟ್ಟುಕೊಟ್ಟರೂ ಸಂತೋಷವಾಗಿಯೇ ಇದ್ದ ಅಶ್ವತ್ಥಪ್ಪ ಲಾಡು ಕೈಗೆತ್ತಿಕೊಂಡು, ಅರ್ಧ ತಾನು ಕಚ್ಚಿ, ಉಳಿದರ್ಧವನ್ನು "ಬಾಯಿ ಸಿಹಿ ಮಾಡ್ಕೊಳಿ ಬೀಗ್ರೇ" ಎಂದು ಮುಂದೆ ಚಾಚಿದ.

ಆದಿನಾರಾಯಣ ಲೆಕ್ಕ ಹಾಕಿದ. ಈ ಒಳ್ಳೆಯ ಮನುಷ್ಯನ ಬೆರಳು ತನ್ನ ತುಟಿಗೆ ತಾಕಿದರೆ ಅವೆಲ್ಲವೂ ಅವನ ಕೈಗೆ ಹತ್ತಿ ಊರಿಗಾಂಗೆ ಹೋಗುತ್ತವೆ. ಗಿರಿಗೆ, ನಾಳೆ ಹುಟ್ಟುವ ಮೊಮ್ಮಕ್ಕಳಿಗೆ! ಅವನು ಹಾವು ಕಂಡವನ ಹಾಗೆ ಹಿಂದಕ್ಕೆ ಹಾರಿದ. ತಟ್ಟೆ ಉರುಳಿತು, ಅಡಿಕೆ ಚೆಲ್ಲಿತು, ಲಾಡು ಪುಡಿಯಾಯಿತು.

ಮುನಿನಾರಾಯಣಮ್ಮ ಎದ್ದು ನಿಂತಳು. "ನಮ್ಮ ಕೈಯಿಂದ ತಿನ್ನಾಕೆ ಅಸಹ್ಯಾನೇನಯ್ಯಾ ನಿಂಗೆ?"

ಆಗ ಆದಿನಾರಾಯಣ ಟವೆಲ್ ಕಿತ್ತೆಸೆದು ಬಾಯಿ ತೆರೆದ. "ಬ್ಯಾಡಿ! ಅತ್ರ ಬರಬ್ಯಾಡಿ! ನನ್ನ ಬಾಯ್ನಾಗೆ ಕೋಟಿ ಕೋಟಿ ಉಳ ಅವೆ! ನಿಮ್ಮನೆ ಆಳಾಗೋಗ್ತದೆ!"

ಅವನ ಮಾತಿಗಿಂತ ಮೊದಲು ಅವನ ಬಾಯಿಯ ವಾಸನೆ ಬೀಗರನ್ನು ಮುಟ್ಟಿತು. ಔಷಧಕ್ಕೆ ಮೊದಲು ಅವನ ಬಾಯಿ ಹೀಗೆ ಎಂದೂ ನಾರಿರಲಿಲ್ಲ. ಅಶ್ವತ್ಥಪ್ಪ ಮೂಗು ಮುಚ್ಚಿಕೊಂಡು ಚಪ್ಪಲಿ ಹುಡುಕಿದ. "ಉಚ್ಚರ ಮನೆ ಸಂಬಂಧ ನಮಗೆ ಬ್ಯಾಡ" ಎಂದದ್ದು ಬೀದಿಯಿಂದ ಕೇಳಿಸಿತು.

ಲಿಖಿತ ಅಳಲಿಲ್ಲ. ಚೆಲ್ಲಿದ ಅಡಿಕೆಯನ್ನು ಒಂದೊಂದಾಗಿ ಆರಿಸಿ ತಟ್ಟೆಗೆ ಹಾಕಿ, ಅಪ್ಪನ ಮುಂದೆ ಬಂದು ನಿಂತಳು. "ಊರೋರ ಮದ್ವೆ ಎಲ್ಲ ಮಾತಾಡಿ ಮಾಡ್ಸಿದೆ ಅಪ್ಪಾ. ನಂದನ್ನ ಒಂದೇ ಒಂದು ಮಾತಾಡಿ ಮುರ್ದಾಕಿದೆ."

ಅವನಿಗೆ ಆ ಕ್ಷಣ ಸತ್ತುಹೋಗಬೇಕೆನ್ನಿಸಿತು. ಸತ್ತರೂ ಅವು ಬಾಯಲ್ಲೇ ಇರುತ್ತವಲ್ಲ ಎಂದು ಹೆದರಿ ಸುಮ್ಮನಾದ.

ಮುಂದಿನ ಕೆಲಸವನ್ನು ಅರುಣಕುಮಾರಿ ಕೈಗೆತ್ತಿಕೊಂಡಳು. ಬೆಳಿಗ್ಗೆ ಎದ್ದವಳೇ ಅಶ್ವತ್ಥಪ್ಪನಿಗೆ ಫೋನ್ ಮಾಡಿದಳು. "ಅಣ್ಣಾ, ನಮ್ಮೋರಿಗೆ ಉಚ್ಚು ಅಂತ ನೀವು ಯೋಳೋದಾದ್ರೆ ಡಾಕ್ಟ್ರಮ್ಮನ ಎದುರ್ಗೇ ಬಂದು ಯೋಳಿ. ಆವಾಗ ನಾನೂ ಒಪ್ಕೊಂತೀನಿ." ಗಂಡನ ಕೈ ಹಿಡಿದು ಎಳೆದುಕೊಂಡು ಬಂಗಾರಪೇಟೆಯಲ್ಲಿ ರೈಲು ಹತ್ತಿಸಿದಳು. ಓಬಳಮ್ಮನೂ ಸೀರೆ ಬದಲಾಯಿಸಿ ಹೊರಟಳು. "ನನ್ನ ಮಗನ ಬಾಯಿ ಮೇಲೆ ಮಾತು ಅಂದ ಆ ಡಾಕ್ಟ್ರು ಯಾರು ನೋಡ್ತೀನಿ."

ಊರಿಗಾಂನ ಆಸ್ಪತ್ರೆಯಲ್ಲಿ ನವ್ಯ ಆದಿನಾರಾಯಣನನ್ನು ನೋಡಿದ ಕೂಡಲೇ ಗುರುತಿಸಿದಳು. "ಅಯ್ಯೋ, ಆವತ್ತು ಓಡಿ ಹೋದ ಯಜಮಾನ್ರು ಅಲ್ವಾ ನೀವು? ಬಾಯಿ ತೆಗೀರಿ." ತೆಗೆದ. ಅವಳ ಮುಖ ಬಾಡಿತು. "ಏನು ಮಾಡಿಕೊಂಡ್ರಿ ಇದು?"

ಅರುಣಕುಮಾರಿ ಚೀಲದಿಂದ ಖಾಲಿಯಾದ ನೀಲಿ ಬಾಟಲಿಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಸಾಲು ಮೇಜಿನ ಅಂಚಿನವರೆಗೂ ಹೋಯಿತು.

ಅಷ್ಟರಲ್ಲಿ ಅಶ್ವತ್ಥಪ್ಪನೂ ಬಂದು ಬಾಗಿಲಲ್ಲಿ ಕೈಕಟ್ಟಿ ನಿಂತ. ನವ್ಯ ಯಾರಿಗೆಂದಿಲ್ಲದೆ ಎಲ್ಲರಿಗೂ ಹೇಳಿದಳು. "ಆವತ್ತು ನಾನು ಹೇಳೋಕೆ ಹೊರಟಿದ್ದು ಇಷ್ಟೇ. ಅವು ಇವರ ಕಾಯಿಲೆ ಅಲ್ಲ. ಇವರ ಆರೋಗ್ಯವೇ ಅವು. ಹಲ್ಲು ಉಜ್ಜಿಕೊಂಡು ಸರಿಯಾಗಿ ಇಟ್ಟುಕೊಂಡ ಪ್ರತಿ ಬಾಯಲ್ಲೂ ಅವು ಇರ್ತವೆ. ಬಸ್ಸಿನಲ್ಲಿ ಸೀಟೆಲ್ಲ ಭರ್ತಿ ಇದ್ದರೆ ಕಳ್ಳ ಹತ್ತಿದರೂ ಕೂರೋಕೆ ಜಾಗ ಸಿಗಲ್ಲ ನೋಡಿ, ಹಾಗೆ ಅವು ಜಾಗ ಹಿಡಿದು ಕೂತಿರ್ತವೆ. ಇವರು ಎಲ್ಲರನ್ನೂ ಇಳಿಸಿಬಿಟ್ಟರು. ಖಾಲಿ ಸೀಟಿಗೆ ಬೂಷ್ಟು ಬಂದು ಕೂತಿದೆ. ಆ ಬಿಳಿ ಪದರ ಅದೇ."

"ಅಂಗಾದ್ರೆ ಅವು ಒಳ್ಳೇವಾ?" ಎಂದ ಆದಿನಾರಾಯಣ. ನಿನ್ನೆಯ ಕೂಗು ಬಿಟ್ಟರೆ, ಎಷ್ಟೋ ದಿನದ ಮೇಲೆ ಅವನಾಡಿದ ಮೊದಲ ಮಾತು.

"ಸೊಪ್ಪು ತಿಂತೀರಲ್ಲ, ಅದರೊಳಗಿನ ಒಂದು ಅಂಶವನ್ನು ನಿಮ್ಮ ನಾಲಗೆಯ ಹಿಂದೆ ಇರೋವು ಬದಲಾಯಿಸಿ ಕೊಡ್ತವೆ. ಅದು ರಕ್ತನಾಳ ಸಡಿಲವಾಗೋಕೆ ಸಹಾಯ ಮಾಡುತ್ತೆ. ಆ ಕೆಲಸ ನಮ್ಮ ಮೈಗೆ ತಾನೊಂದೇ ಮಾಡೋಕೆ ಬರಲ್ಲ."

ನಾಲಗೆಯ ಹಿಂದೆ ಕೂತು ಬಸ್ಸಾರಿನ ಸೊಪ್ಪಿಗೆ ಕಾಯುವವರಿದ್ದಾರೆ ಎಂಬ ವಿಷಯ ಕೋಣೆಯೊಳಗೆ ನಿಧಾನವಾಗಿ ಇಳಿಯಿತು.

ಓಬಳಮ್ಮನಿಗೆ ತಡೆಯಲಾಗಲಿಲ್ಲ. "ನಂದೂ ನೋಡವ್ವಾ" ಎಂದು ಕುರ್ಚಿ ಹತ್ತಿ ಕೂತಳು. ಎಲೆ ಅಡಿಕೆಯಿಂದ ಕೆಂಪೇರಿದ್ದ ಬಾಯಿಂದ ಡಾಕ್ಟರು ಚೂರೇ ಚೂರು ತೆಗೆದು, ಎಲೆ ಅಡಿಕೆ ಬಿಡಬೇಕು ಅಜ್ಜಿ ಎಂದು ಗದರಿ, ಯಂತ್ರದ ಕೆಳಗಿಟ್ಟಳು. ಪರದೆ ತುಂಬಿ ತುಳುಕಿತು. ಮಣಿಸರಗಳು, ಜೀರಿಗೆಗಳು, ನೂಲುಗಳು. ಅಂಥ ಜನಸಂದಣಿ! ಓಬಳಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದಳು. ಊರಲ್ಲಿ ಯಾರಿಗೂ ತಲೆ ಬಾಗದ ಮುದುಕಿ ಪರದೆಗೆ ಕೈಮುಗಿದಳು.

"ಇವು ಎಲ್ಲಿಂದ ಬತ್ತಾವವ್ವಾ?"

"ಮಗು ಹುಟ್ಟಿದ ಗಳಿಗೆಯಿಂದಲೇ ಬರೋಕೆ ಶುರು, ಅಜ್ಜಿ. ಹೆಚ್ಚಾಗಿ ತಾಯಿಯಿಂದಲೇ. ಎತ್ತಿಕೊಂಡಾಗ, ಮುತ್ತು ಕೊಟ್ಟಾಗ, ಉಣಿಸಿದಾಗ."

"ಕಳ್ಳೇಕಾಯಿ ಅಗಿದು ಇವ್ನ ಬಾಯಿಗೆ ಇಕ್ಕತಿದ್ದೆ ನಾನು."

"ಈಗ ಹಾಗೆ ಮಾಡಬೇಡಿ ಅಂತೀವಿ. ಹುಳುಕು ಹಲ್ಲಿನವೂ ಜೊತೆಗೆ ಹೋಗ್ತವೆ. ಆದರೆ ಇವರ ಬಾಯಲ್ಲಿ ಇದ್ದವು ಬಹಳಷ್ಟು ನಿಮ್ಮಿಂದ ಬಂದಿರಬೇಕು. ನಿಮಗೆ ನಿಮ್ಮ ಅಮ್ಮನಿಂದ. ಅವರಿಗೆ ಅವರ ಅಮ್ಮನಿಂದ."

ಓಬಳಮ್ಮ ಮಗನ ಕಡೆ ತಿರುಗಿದಳು. ಕಣ್ಣಲ್ಲಿ ನೀರು, ಕೈಯಲ್ಲಿ ಚಪ್ಪಲಿ. "ನಮ್ಮವ್ವ ಕೊಟ್ಟಿದ್ದನ್ನ ಬಾಟ್ಲಿ ಬಾಟ್ಲಿ ಉಯ್ದು ತೊಳೆದ್ಬಿಟ್ಟೆಯೇನ್ಲಾ ಮುಂಡೇದೇ!"

ಆದಿನಾರಾಯಣ ಕಾಣದ ಅಜ್ಜಿ, ಆ ಅಜ್ಜಿ ಕಾಣದ ಮುತ್ತಜ್ಜಿ, ಇವರೆಲ್ಲ ಬಾಯಿಂದ ಬಾಯಿಗೆ ಕೈದಾಟಿಸಿ ಇಲ್ಲಿಯ ತನಕ ತಂದದ್ದನ್ನು ಅವನು ಹಿತ್ತಿಲ ಬಾಳೆಗಿಡದ ಬುಡಕ್ಕೆ ಉಗುಳಿದ್ದ. ನವ್ಯ ಅವನದನ್ನೂ ಯಂತ್ರದ ಕೆಳಗಿಟ್ಟಳು. ಪರದೆಯಲ್ಲಿ ಬೂಷ್ಟಿನ ದಪ್ಪ ಎಳೆಗಳು, ಸುತ್ತ ಬರಿ ಬಯಲು. ಅವನು ಮುಂದೆ ಬಾಗಿ, ಕಳೆದ ಕರು ಹುಡುಕುವವನ ಹಾಗೆ ಮೂಲೆ ಮೂಲೆ ಹುಡುಕಿದ. ಒಂದು ಮೂಲೆಯಲ್ಲಿ ಸಾಸಿವೆಯಂಥ ಮೂರು ನಾಲ್ಕು ಒತ್ತಾಗಿ ಕೂತಿದ್ದವು. ನಡುಗುತ್ತಿದ್ದವು.

"ಅವೆ! ಅವೆ! ಅಲ್ಲಿ ಅಲ್ಲಾಡ್ತಾ ಅವೆ!" ಎಂದು ಆದಿನಾರಾಯಣ ಕೂಗಿದ ಕೂಗಿಗೆ ಪಕ್ಕದ ಕೋಣೆಯಲ್ಲಿ ಹಲ್ಲು ಕೀಳಿಸಿಕೊಳ್ಳುತ್ತಿದ್ದವನು ಎದ್ದು ಕೂತನಂತೆ.

"ಬಾಟಲಿಗೆ ಸಿಗದೆ ಉಳಿದ ಒಂದು ಭಾಗ ಅದು" ಎಂದಳು ನವ್ಯ. "ಅವು ಬೆಳೀತವೆ. ಬೂಷ್ಟಿಗೆ ಔಷಧ ಕೊಡ್ತೀನಿ. ನೀಲಿ ನೀರು ಮುಟ್ಟಬೇಡಿ. ಹಲ್ಲು ದಿನಾ ಉಜ್ಜಿ, ಸೊಪ್ಪು ತಿನ್ನಿ, ಮನೆಯವರ ಜೊತೆ ಕೂತು ಊಟ ಮಾಡಿ. ಊರು ಮತ್ತೆ ತುಂಬುತ್ತೆ."

ಬಾಗಿಲಲ್ಲಿದ್ದ ಅಶ್ವತ್ಥಪ್ಪ ಯಾವಾಗಲೋ ಒಳಗೆ ಬಂದಿದ್ದ. "ನನ್ನ ಬಾಯ್ನಾಗೆ ಇಂಥಾವು ಇರಾಕಿಲ್ಲ ಬಿಡಿ. ನಾನು ಎರಡು ಒತ್ತು ಉಜ್ಜೋನು" ಎಂದ, ಕುರ್ಚಿಯ ಮೇಲೆ ಕೂತು ಬಾಯಿ ತೆರೆದ. ಪರದೆ ಬೆಳಗಿದಾಗ ಅವನು ಎದ್ದು, ಚಪ್ಪಲಿ ಕಳಚಿ ಮೂಲೆಗಿಟ್ಟು, ಹತ್ತಿರ ಹೋಗಿ ನಿಂತ. ಬಹಳ ಹೊತ್ತು ನೋಡಿದ.

"ಕೆಳಗೆ ಗಣಿಯಾಗೆ ಶಿಫ್ಟ್ ಬಿಡೋ ಒತ್ನಾಗೆ ಇಂಗೇ ಇರ್ತಿತ್ತು ಕಣಮ್ಮಾ" ಎಂದ, ದನಿ ಇಳಿಸಿ. "ಮ್ಯಾಕ್ಕೆ ಬರೋರು, ಕೆಳಕ್ಕೆ ಇಳಿಯೋರು, ಲಿಫ್ಟ್ ಬರ್ಲಿ ಅಂತ ಗೋಡೆಗೆ ಒರಗಿ ನಿಂತಿರೋರು. ಗಣಿ ಮುಚ್ಚಿ ಇಷ್ಟು ವರ್ಷ ಆಯ್ತು. ನನ್ನ ಬಾಯ್ನಾಗೆ ಇನ್ನೂ ಶಿಫ್ಟ್ ನಡೀತಾ ಐತಲ್ಲಾ!"

ಆದಿನಾರಾಯಣ ಪಕ್ಕಕ್ಕೆ ಬಂದು ನಿಂತ. "ನಾನು ನಿಮ್ಮನ್ನ ಬ್ಯಾಡ ಅಂದಿದ್ದಲ್ಲ ಅಶ್ವತ್ಥಪ್ಪನೋರೆ. ನಿಮ್ಮನೇನ ಕಾಪಾಡಾಕೆ ಓಗಿ ಇಂಗಾಯ್ತು."

"ಮಾತಾಡಿದ್ರೆ ಆಗ್ತಿರ್ಲಿಲ್ವಾ ಬೀಗ್ರೇ? ಸುಮ್ನೆ ಕೂತು ಮದ್ವೆ, ಊಟ, ಹೋಳಿಗೆ, ಎಲ್ಲಾ ನನ್ನ ಕೈಲಿ ಬಿಡಿಸ್ಕೊಂಡ್ರಲ್ಲಾ!"

"ಎಲ್ಲಾ ವಾಪಸ್ ತಗೊಳಿ. ಮದ್ವೆ ಊರಿಗಾಂನಾಗೇ ಮಾಡನ, ಊಟ ನಾನೇ ಆಕಿಸ್ತೀನಿ. ಲಿಖಿತನ ಕೆಲ್ಸದ ಮಾತು ಒಂದು ಮಾತ್ರ ಅಂಗೇ ಇರ್ಲಿ."

"ಹೋಳಿಗೆ ಮಾತ್ರ ನಂದೇ ಇರ್ಲಿ" ಎಂದ ಅಶ್ವತ್ಥಪ್ಪ. ಇಷ್ಟರಲ್ಲಿ ಮಾತುಕತೆ ಮುಗಿಯಿತು. ಅರುಣಕುಮಾರಿ ಹೊರಗೆ ಹೋಗಿ ಮಗಳಿಗೆ ಫೋನ್ ಮಾಡಿದಳು. ಲಿಖಿತ ಅತ್ತದ್ದು ಆಗ.

ಸಂಜೆ ಮೂವರೂ ಊರಿಗಾಂನಲ್ಲಿ ಬಂಗಾರಪೇಟೆಯ ರೈಲು ಹತ್ತಿದರು. ಡಬ್ಬಿ ತುಂಬ ಜನ. ಒಬ್ಬ ಫೋನಿನಲ್ಲಿ ತಮಿಳಿನಲ್ಲಿ ಜಗಳವಾಡುತ್ತಿದ್ದ. ಇಬ್ಬರು ತೆಲುಗಿನಲ್ಲಿ ಟೊಮೆಟೊ ಮಂಡಿಯ ಸುದ್ದಿ ಹೇಳಿಕೊಳ್ಳುತ್ತಿದ್ದರು. ಕಾಲೇಜಿನ ಹುಡುಗಿಯರು ಒಂದೇ ಪೊಟ್ಟಣದ ಹುರಿದ ಕಡಲೆಕಾಯಿಗೆ ಕೈ ಹಾಕಿ ನಗುತ್ತಿದ್ದರು. ಆದಿನಾರಾಯಣ ಒಬ್ಬೊಬ್ಬರ ಬಾಯನ್ನೂ ನೋಡುತ್ತಾ ಕೂತ. ಅಷ್ಟು ಬಾಯಿ, ಅಷ್ಟು ಊರು, ಯಾರಿಗೂ ಗೊತ್ತಿಲ್ಲದ ಹಾಗೆ ಒಂದೇ ರೈಲಿನಲ್ಲಿ ಹೊರಟಿದ್ದವು.

ಎದುರು ಸೀಟಿನಲ್ಲಿ ಒಬ್ಬಳು ಬಾಣಂತಿ. ಮಡಿಲಲ್ಲಿ ಹಸುಗೂಸು. ಆಸ್ಪತ್ರೆಯಿಂದ ತವರಿಗೆ ಹೊರಟವಳಿರಬೇಕು, ಪಕ್ಕದಲ್ಲಿ ಅವಳಮ್ಮ ಚೀಲ ಹಿಡಿದು ಕೂತಿದ್ದಳು. ಕೂಸು ಹಲ್ಲಿಲ್ಲದ ಗುಲಾಬಿ ಬಾಯಿ ತೆರೆದು ಆಕಳಿಸಿತು. ತಾಯಿ ಬಾಗಿ ಆ ಬಾಯಿಗೆ ಒಂದು ಮುತ್ತು ಕೊಟ್ಟಳು.

ಆದಿನಾರಾಯಣ ತನಗೇ ತಿಳಿಯದ ಹಾಗೆ ಎದ್ದು ನಿಂತಿದ್ದ. ಕೈ ಮುಗಿದಿತ್ತು.

ಬಾಣಂತಿ ಬೆದರಿ ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು. "ಏನ್ ಸಾಮೀ ಅಂಗೆ ನೋಡ್ತಾ ಇದ್ದೀರಾ?"

"ಏನಿಲ್ಲ ತಾಯೀ" ಎಂದ ಆದಿನಾರಾಯಣ, ಪಿಸುದನಿಯಲ್ಲಿ. "ಗೃಹಪ್ರವೇಶ ನಡೀತಾ ಐತೆ. ನೀನು ನಡೆಸಮ್ಮಾ."